ಬಂದ್, ಬಂದ್ವು

ಡಬ್ಬಿ ಕೆಟ್ಟಿತ್ತು ಎಂದಾಗಿದ್ದರೆ ನಾನು ಇಷ್ಟು ಬೆಚ್ಚಿಬೀಳುತ್ತಿರಲಿಲ್ಲ. ಕೆಡುವುದು ಯಂತ್ರಗಳ ಜಾಯಮಾನ. ನಮ್ಮ ಮನೆಯ ಮಿಕ್ಸರ್ ನೆಂಟರು ಬಂದ ದಿನವೇ ಕೆಡುತ್ತದೆ, ಪಂಪಿನ ಸ್ಟಾರ್ಟರ್ ಬೆಳೆ ಬಾಡುವಾಗಲೇ ಕೆಡುತ್ತದೆ. ಬೈದು, ಬಡಿದು, ರಿಪೇರಿಗೆ ಒಯ್ದು ಸುಮ್ಮನಾಗುತ್ತೇವೆ. ಆದರೆ ಬರುತ್ತಿರುವ ನೀರಿಗೆ ಎದುರಾಗಿ ನನ್ನ ಗಂಡನನ್ನು ಪೈಪಿನೊಳಗೆ ಕಳಿಸಿದ ಆ ಎರಡು ಡಬ್ಬಿಗಳಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಒಂದು ತಂತಿ ಸಡಿಲಾಗಿರಲಿಲ್ಲ, ಬ್ಯಾಟರಿ ಇಳಿದಿರಲಿಲ್ಲ.

ನನ್ನ ತವರು ಕಲಘಟಗಿ ಕಡೆಯ ಬಮ್ಮಿಗಟ್ಟಿ. ಅಲ್ಲಿ ನೀರೆಂದರೆ ಮಳೆ, ಗದ್ದೆಯ ಕೆಸರು. ಮದುವೆಯಾಗಿ ಬಂದದ್ದು ನವಲಗುಂದ ತಾಲೂಕಿನ ತಿರ್ಲಾಪುರಕ್ಕೆ. ಇಲ್ಲಿ ಕಣ್ಣು ಹಾಯುವವರೆಗೂ ಕಪ್ಪು ಮಣ್ಣಿನ ಎರೆ ಹೊಲ, ನೆರಳಿಗೆ ಒಂದು ಮರ ಹುಡುಕಬೇಕು. ನಮ್ಮ ಹೊಲವಂತೂ ಕಾಲುವೆಯ ಕಟ್ಟಕಡೆಯ ತುದಿಯಲ್ಲಿದೆ. ಮೇಲಿನವರೆಲ್ಲ ಹಾಯಿಸಿಕೊಂಡು ಮಿಕ್ಕಿದರೆ ನಮಗೆ. ಯಾವಾಗ ಮಿಕ್ಕುತ್ತದೆ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ಬಂದ ಗಳಿಗೆಗೆ ಅದನ್ನು ನಮ್ಮ ಕೃಷಿ ಹೊಂಡಕ್ಕೆ ತಿರುಗಿಸಿಕೊಳ್ಳಬೇಕು, ತಪ್ಪಿದರೆ ಅದು ಹಳ್ಳ ಸೇರುತ್ತದೆ, ನಮ್ಮ ಮೆಣಸಿನಗಿಡಗಳು ನೋಡುತ್ತ ನಿಲ್ಲುತ್ತವೆ.

ಕಾಲುವೆಗೂ ಹೊಂಡಕ್ಕೂ ನಡುವೆ ಒಂದು ಬಂಡಿದಾರಿ. ಅದರ ಅಡಿಯಲ್ಲಿ ಸಿಮೆಂಟ್ ಪೈಪು ಹೂತಿದ್ದಾರೆ, ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳಿ ಹೋಗುವಷ್ಟು ದೊಡ್ಡದು. ಪ್ರತಿ ಸಲ ನೀರು ಹರಿದು ನಿಂತಮೇಲೆ ಅದರೊಳಗೆ ಹೂಳು, ಜಾಲಿಮುಳ್ಳು, ಯಾರೋ ಎಸೆದ ಚೀಲ ಎಲ್ಲ ಸೇರಿ ಬಿರಡೆಯಾಗಿ ಕೂತಿರುತ್ತದೆ. ಕಾಲುವೆ ಒಣಗಿದ್ದಾಗ ನನ್ನ ಗಂಡ ಒಳಗೆ ಹೋಗಿ ಅದನ್ನು ತೆಗೆಯಬೇಕು. ಹೋಗುವ ಮೊದಲು ಬೈಕ್ ಹತ್ತಿ, ದೊಡ್ಡ ಕಾಲುವೆಯಿಂದ ನಮ್ಮ ಸಣ್ಣ ಕಾಲುವೆ ಒಡೆಯುವ ಜಾಗದವರೆಗೆ ಹೋಗಿ, ನೀರು ಇಲ್ಲವೆಂದು ನೋಡಿ ಬರುತ್ತಿದ್ದರು. ಆದರೆ ನೋಡಿ ಬಂದು ಪೈಪಿನೊಳಗೆ ಹೊಕ್ಕ ಮೇಲೆ ನೀರು ಬಂದರೆ? ಈ ಒಂದು ಪ್ರಶ್ನೆ ಮದುವೆಯಾದಂದಿನಿಂದ ನನ್ನ ಹೊಟ್ಟೆಯಲ್ಲಿ ಕೂತಿತ್ತು. ಡಬ್ಬಿಗಳು ಹುಟ್ಟಿದ್ದು ಆ ಹೆದರಿಕೆಯಿಂದಲೇ.

ಅವನ್ನು ಮಾಡಿದವಳು ನನ್ನ ನಾದಿನಿ, ಇವರ ತಂಗಿ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಈಗ ನವಲಗುಂದದ ಒಂದು ಇನ್ವರ್ಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಜೊತೆಯಲ್ಲೇ ಇರುತ್ತಾಳೆ. ಕೈ ಚುರುಕು, ಬಾಯಿ ಇನ್ನೂ ಚುರುಕು. ಅರ್ಧ ಮಾತು ಆಡಿ ಅರ್ಧ ನುಂಗುತ್ತಾಳೆ. ನಾನು ಊರ ಶಾಲೆಯಲ್ಲಿ ಗಣಿತ ಹೇಳುವವಳು, ವಾಕ್ಯ ಪೂರ್ತಿ ಆಗದಿದ್ದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಹೀಗಾಗಿ ನಮ್ಮಿಬ್ಬರಿಗೆ ದಿನಾ ಜಗಳ, ದಿನಾ ಚಹಾ.

ಅವಳ ಯೋಜನೆ ಸರಳವಾಗಿತ್ತು. ಮೇಲ್ಗಡೆ ಕಾಲುವೆ ಒಡೆಯುವಲ್ಲಿ ಒಂದು ಡಬ್ಬಿ. ಅದರಿಂದ ಎರಡು ಸ್ಟೀಲ್ ಕಡ್ಡಿಗಳು ಕಾಲುವೆಯ ತಳಕ್ಕೆ ಇಳಿದಿರುತ್ತವೆ, ಎರಡಕ್ಕೂ ನೀರು ತಾಗಿದರೆ ಒಳಗಿನ ಪುಟ್ಟ ಗಣಕವಾದ ಮೈಕ್ರೋಕಂಟ್ರೋಲರ್‌ಗೆ ಗೊತ್ತಾಗುತ್ತದೆ. ಅದು ರೇಡಿಯೋ ಚಿಪ್ಪಿನ ಮೂಲಕ ಸುದ್ದಿ ಕಳಿಸುತ್ತದೆ. ಕೆಳಗೆ ನಮ್ಮ ಹೊಲದ ತಗಡಿನ ಶೆಡ್ಡಿನಲ್ಲಿ ಇನ್ನೊಂದು ಡಬ್ಬಿ, ಇನ್ನೊಂದು ಮೈಕ್ರೋಕಂಟ್ರೋಲರ್, ಸುದ್ದಿ ತೋರಿಸಲು ಬೆರಳಗಲದ ಪರದೆ. ಮೊಬೈಲ್ ಸಿಮ್ ಹಾಕಿ ಮಾಡಬಹುದಿತ್ತು, ಆದರೆ ಮೇಲ್ಗಡೆ ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಸರಳ ಎಂದದ್ದು ಯೋಜನೆ ಮಾತ್ರ. ಮೊದಲು ಪಡಸಾಲೆಯ ಈ ಮೂಲೆಯಿಂದ ಆ ಮೂಲೆಗೆ ಸುದ್ದಿ ಹೋಗಲೊಲ್ಲದು. ಪರೀಕ್ಷೆಗೆಂದು ಅವಳು ಕಳಿಸುತ್ತಿದ್ದ ಶಬ್ದ ‘ಅಣ್ಣ’. ಪರದೆಗೆ ಕನ್ನಡ ಬಾರದು, ಇಂಗ್ಲಿಷಿನ ಎ, ಎನ್, ಎನ್, ಎ. ತಂತಿ ಬದಲಾಯಿಸಿದಳು, ಚಿಪ್ ಬದಲಾಯಿಸಿದಳು, ಇನ್ನೊಂದು ಬೋರ್ಡು ತಂದಳು. ಪರದೆ ಕಣ್ಣು ಬಿಡಲಿಲ್ಲ. ಕೊನೆಗೆ ಸಿಕ್ಕ ದೋಷ ಇಷ್ಟೇ: ಒಂದು ಸಲಕ್ಕೆ ಎಷ್ಟು ಅಕ್ಷರದ ಪೊಟ್ಟಣ ಎಂದು ಎರಡೂ ಚಿಪ್ಪುಗಳಿಗೆ ಮೊದಲೇ ಹೇಳಿರಬೇಕು, ಎರಡಕ್ಕೂ ಒಂದೇ ಅಳತೆ ಇರಬೇಕು. ಕಳಿಸುವ ಕಡೆ ಒಂದು ಅಳತೆ, ತೆಗೆದುಕೊಳ್ಳುವ ಕಡೆ ಇನ್ನೊಂದು ಇತ್ತು. ಅವಳು ಎರಡಕ್ಕೂ ನಾಲ್ಕು ಎಂದು ಕೊಟ್ಟಳು, ಏಕೆಂದರೆ ‘ಅಣ್ಣ’ ನಾಲ್ಕು ಅಕ್ಷರ. ಕೂಡಲೇ ಪರದೆಯ ಮೇಲೆ ಅಣ್ಣ ಮೂಡಿದ. ನಾವಿಬ್ಬರೂ ಕೂಗಿದ್ದು ಕೇಳಿ ಅಣ್ಣನೇ ಹಿತ್ತಲಿನಿಂದ ಓಡಿ ಬಂದರು.

“ನನ್ನ ಕರಿಯಾಕ ಇಷ್ಟೆಲ್ಲಾ ತಂತಿ ಬೇಕಾತೇನ? ಬಾಯಿ ಇದ್ದಿಲ್ಲ ನಿಮಗ?” ಎಂದು ನಕ್ಕರು.

ಪಡಸಾಲೆಯಲ್ಲಿ ಕುಣಿದ ಡಬ್ಬಿ ಹೊಲಕ್ಕೆ ಹೋದಮೇಲೆ ಮತ್ತೆ ಮೂಕವಾಯಿತು. ತಗಡಿನ ಶೆಡ್ಡಿನೊಳಗೆ ಅಲೆಗಳು ಬರುತ್ತಿಲ್ಲವೆಂದು ಆಂಟೆನಾವನ್ನು ಹೊರಗೆ ಬಿದಿರಿನ ಗಳಕ್ಕೆ ಕಟ್ಟಿದೆವು. ಆಗ ಸ್ವಲ್ಪ ಬಂತು, ಮತ್ತೆ ಹೋಯಿತು. ಸುದ್ದಿ ಕಳಿಸುವ ಗಳಿಗೆಯಲ್ಲಿ ಚಿಪ್ಪಿಗೆ ಒಮ್ಮೆಲೇ ಹೆಚ್ಚು ಕರೆಂಟ್ ಬೇಕು, ಸಿಗದಿದ್ದರೆ ಅದು ಸೊರಗುತ್ತದೆ ಎಂದು ಅವಳು ಅದರ ಕಾಲಿಗೆ ಕರೆಂಟ್ ಕೂಡಿಟ್ಟು ಕೊಡುವ ಒಂದು ಕೆಪಾಸಿಟರ್ ಬೆಸೆದಳು. ಅಂದಿನಿಂದ ಸುದ್ದಿ ತಪ್ಪಲಿಲ್ಲ. ಪ್ರತಿ ಸುದ್ದಿ ಬಂದಾಗ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿಟುಕುವಂತೆ ಮಾಡಿದಳು. ಚುಕ್ಕೆ ಮಿಟುಕುತ್ತಿದ್ದರೆ ಮೇಲಿನ ಡಬ್ಬಿ ಜೀವಂತವಾಗಿದೆ ಎಂದರ್ಥ. ನನಗೆ ಆ ಚುಕ್ಕೆಯ ಮೇಲೆ ದೇವರ ದೀಪದ ಮೇಲಿನಷ್ಟು ನಂಬಿಕೆ ಬಂತು.

ಆಮೇಲೆ ‘ಅಣ್ಣ’ ತೆಗೆದು ನಿಜವಾದ ಸುದ್ದಿ ಹಾಕಬೇಕಾಯಿತು. ಅವಳು ಎರಡು ಮಾತು ಆರಿಸಿದಳು. ಕಾಲುವೆ ಒಣಗಿದ್ದರೆ ‘ಬಂದ್’. ನಮ್ಮಲ್ಲಿ ಅಂಗಡಿ ಬಂದ್, ಬಸ್ ಬಂದ್, ನೀರು ಬಂದ್. ನೀರು ಬಂದರೆ ‘ಬಂದ್ವು’. ನಮ್ಮ ಕಡೆ ನೀರಿಗೆ ಬಹುವಚನ, ನೀರು ಬಂತು ಎನ್ನುವುದಿಲ್ಲ, ಬಂದ್ವು ಎನ್ನುತ್ತೇವೆ. ಬಾಗಿಲಿಗೆ ಬಂದ ನಾಲ್ಕು ಜನರ ಬಗ್ಗೆ ಹೇಳಿದಂತೆ. ಎರಡೂ ನಮ್ಮ ನಾಲಿಗೆಯ ಮೇಲೇ ಇದ್ದ ಮಾತು, ನಾನೂ ತಲೆ ಆಡಿಸಿದೆ.

ಕಡ್ಡಿಗಳನ್ನು ನೆಟ್ಟ ದಿನ ಅವಳು ಮೇಲ್ಗಡೆ, ನಾನು ಶೆಡ್ಡಿನಲ್ಲಿ. ಪರದೆಯ ಮೇಲೆ ಬಿ, ಎ, ಎನ್, ಡಿ ಮೂಡಿತ್ತು, ಚುಕ್ಕೆ ಮಿಟುಕುತ್ತಿತ್ತು. ಅವಳ ಫೋನ್ ಬಂತು, ನಡುನಡುವೆ ಗಾಳಿಯ ಭರಾಟೆ.

“ಏನ್ ಬಂತ್ರಿ ವೈನಿ?”

“ಬಂದ್ ಅಂತ ಬಂತ ನೋಡು,” ಎಂದೆ.

“ಬಂದ್ವ? ಆತ ಬಿಡ್ರಿ! ಗೆದ್ವಿ!” ಎಂದು ಅವಳು ಫೋನ್ ಇಟ್ಟಳು. ನಾನೂ ಗೆದ್ದೆವೆಂದುಕೊಂಡೆ. ಕಾಲುವೆ ಒಣಗಿತ್ತು, ಡಬ್ಬಿಯೂ ಹಾಗೆಯೇ ಹೇಳುತ್ತಿತ್ತು.

ಕೆಲವು ವಾರಗಳ ನಂತರದ ಮಾತು. ಮೇಲೆ ನೀರು ಬಿಡುತ್ತಾರಂತೆ ಎಂದು ಊರಲ್ಲಿ ಗುಸುಗುಸು ಹಬ್ಬಿತ್ತು. ಪೈಪು ಇನ್ನೂ ಕಟ್ಟಿಕೊಂಡೇ ಇತ್ತು. ಶಾಲೆಗೆ ರಜೆ ಇದ್ದುದರಿಂದ ನಾನೂ ಬುತ್ತಿ ಕಟ್ಟಿಕೊಂಡು ಇವರ ಜೊತೆ ಹೊಲಕ್ಕೆ ಹೋದೆ. ನಾದಿನಿ ಅಂಗಡಿಗೆ ಹೋಗಿದ್ದಳು. ಇವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಸಣ್ಣ ಸಲಿಕೆ ಕೈಗೆ ತೆಗೆದುಕೊಂಡರು.

“ಏನಂತೈತಿ ನಿಮ್ಮ ಡಬ್ಬಿ?”

“ಬಂದ್ ಅಂತೈತ್ರಿ. ಹೋಗ್ರಿ ನೀವು, ನಾ ಇಲ್ಲೇ ಕಾಯ್ತೀನಿ.”

ಆ ‘ಹೋಗ್ರಿ’ ಎಂಬ ಮಾತು ನನ್ನ ಬಾಯಿಂದಲೇ ಬಂತು. ಬೈಕ್ ಹತ್ತಿ ನೋಡಿಬರುವ ಕೆಲಸ ಉಳಿಯಿತೆಂದು ಹಿಗ್ಗಿ ಹೇಳಿದ್ದೆ.

ಇವರು ಹೊಂಡದ ಕಡೆಯ ಬಾಯಿಂದ ಒಳಗೆ ಹೊಕ್ಕರು. ಮೊದಲು ತಲೆ, ಆಮೇಲೆ ಬೆನ್ನು, ಕೊನೆಗೆ ಎರಡು ಹಿಮ್ಮಡಿ ಮಾತ್ರ ಕಾಣುತ್ತಿದ್ದವು. ಒಳಗೆ ಸಲಿಕೆ ಸಿಮೆಂಟಿಗೆ ತಾಗುವ ಸಪ್ಪಳ ಕೇಳಿಸುತ್ತಿತ್ತು. ನಾನು ಶೆಡ್ಡಿಗೆ ಬಂದು ಪರದೆಯ ಮುಂದೆ ಕೂತೆ. ಬಂದ್. ಚುಕ್ಕೆ ಮಿಟುಕಿತು. ಬಂದ್. ಮತ್ತೆ ಮಿಟುಕಿತು. ಇಷ್ಟು ನಿಶ್ಚಿಂತೆಯಿಂದ ನಾನು ಆ ಹೊಲದಲ್ಲಿ ಎಂದೂ ಕೂತಿರಲಿಲ್ಲ.

ಕೈ ತೊಳೆಯಲು ಹೊರಗೆ ಬಂದಾಗ ಕಾಲುವೆಯ ದಂಡೆಯ ಮೇಲೆ ಬೆಳ್ಳಕ್ಕಿಗಳು ಕಂಡವು. ಸಾಲಾಗಿ ನಮ್ಮ ಕಡೆಗೇ ನಡೆದು ಬರುತ್ತಿದ್ದವು, ಬಗ್ಗಿ ಬಗ್ಗಿ ಹುಳ ಹೆಕ್ಕುತ್ತ. ಒಣ ಕಾಲುವೆಯಲ್ಲಿ ಬೆಳ್ಳಕ್ಕಿಗೇನು ಕೆಲಸ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ನೆನಪಾಯಿತು. ಬೆಳ್ಳಕ್ಕಿಗಳು ನೀರಿನ ಮುಂಚೂಣಿಯ ಜೊತೆ ಬರುತ್ತವೆ, ಬಿರುಕುಗಳಿಂದ ಎದ್ದೋಡುವ ಹುಳುಗಳಿಗಾಗಿ. ದಂಡೆ ಹತ್ತಿ ನೋಡಿದೆ. ಒಣ ಎಲೆ, ನೊರೆ, ಕಡ್ಡಿಕಸ ತಳ್ಳಿಕೊಂಡು ಕೆಂಪು ನೀರು ನಮ್ಮ ತಿರುವಿಗೆ ಬಂದುಬಿಟ್ಟಿತ್ತು. ತಿರುವಿನಿಂದ ಪೈಪಿಗೆ ಎಷ್ಟು ದೂರ? ಒಂದು ಕೂಗಿನಷ್ಟೂ ಇಲ್ಲ.

ಓಡಿದೆ. ಹೊಂಡದ ಇಳಿಜಾರಿನಲ್ಲಿ ಜಾರಿ ಬಿದ್ದು, ಎದ್ದು, ಪೈಪಿನ ಬಾಯಿಗೆ ಮುಖವಿಟ್ಟು ಕೂಗಿದೆ.

“ಹೊರಗ ಬರ್ರೀ! ನೀರ ಬಂದ್ವು! ನೀರ ಬಂದ್ವು!”

“ಏನ? ಬಂದ್ ಐತಲ್ಲ?” ಎಂದು ಒಳಗಿನಿಂದ ದನಿ ಬಂತು. ಅವರಿಗೆ ಕೇಳಿಸಿದ್ದೂ ಅಷ್ಟೇ.

ಅಷ್ಟರಲ್ಲಿ ಪೈಪಿನ ಆಚೆ ಬಾಯಿಗೆ ನೀರು ಬಡಿದ ಸದ್ದು ಒಳಗೆಲ್ಲ ಗುಂಯ್ ಎಂದಿತು. ಆ ಕಡೆಯ ಮುಳ್ಳಿನ ಬಿರಡೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಅದೇ ನೀರನ್ನು ತಡೆದು ಹಿಡಿದಿತ್ತು. ನಾನು ಒಳಗೆ ಕೈಹಾಕಿ ಎರಡೂ ಹಿಮ್ಮಡಿ ಹಿಡಿದು ಜಗ್ಗಿದೆ. ನನಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ ಗೊತ್ತಿಲ್ಲ. ಇವರು ಮೊಣಕೈ, ಗದ್ದ ಎಲ್ಲ ಸಿಮೆಂಟಿಗೆ ತರಚಿಕೊಂಡು ಹೊರಗೆ ಬಂದು ನನ್ನ ಮೇಲೆಯೇ ಬಿದ್ದರು. ನಾವಿಬ್ಬರೂ ಪಕ್ಕಕ್ಕೆ ಹೊರಳುವುದಕ್ಕೂ ಬಿರಡೆ ಕಿತ್ತುಬಂದು ಮುಳ್ಳು, ಕೆಸರು, ನೀರು ಒಟ್ಟಿಗೇ ಹೊಂಡಕ್ಕೆ ಸುರಿಯುವುದಕ್ಕೂ ಸರಿಹೋಯಿತು. ಇವರ ಸಲಿಕೆ ಅದರಲ್ಲೇ ಉರುಳಿ ಹೋಯಿತು.

ಎದ್ದು ನೇರ ಶೆಡ್ಡಿಗೆ ಹೋದೆ. ಪರದೆಯ ಮೇಲೆ ಇನ್ನೂ ಬಂದ್ ಎಂದೇ ಇತ್ತು. ಚುಕ್ಕೆ ಆರಾಮಾಗಿ ಮಿಟುಕುತ್ತಿತ್ತು. ಹೊರಗೆ ನೀರಿನ ಭೋರು, ಒಳಗೆ ಬಂದ್. ಮೂಲೆಯಲ್ಲಿದ್ದ ಕುಡುಗೋಲು ಎತ್ತಿಕೊಂಡೆ. ಇವರು ಹಿಂದಿನಿಂದ ಬಂದು ನನ್ನ ಕೈ ಹಿಡಿದರು.

“ಒಡೀಬ್ಯಾಡ. ಆಕಿ ಬಂದು ನೋಡ್ಲಿ.”

ಫೋನ್ ಮಾಡಿದ ಮೇಲೆ ನಾದಿನಿ ನವಲಗುಂದದಿಂದ ಸ್ಕೂಟಿಯಲ್ಲಿ ಹಾರಿಬಂದಳು. ಗದ್ದಕ್ಕೆ ಅರಿಶಿನ ಮೆತ್ತಿಕೊಂಡು ಕೂತಿದ್ದ ಅಣ್ಣನನ್ನು ಒಮ್ಮೆ ನೋಡಿ, ತಕ್ಷಣ ಮುಖ ತಿರುಗಿಸಿ ಡಬ್ಬಿಯ ಮುಂದೆ ಕೂತಳು. ನನಗೆ ಸಿಟ್ಟು ನೆತ್ತಿಗೇರಿತು.

“ಡಬ್ಬಿಗೇನಾಗೈತಿ ಅಂತ ಕೇಳ್ತಿ, ನಿಮ್ಮಣ್ಣಗೇನಾಗೈತಿ ಅಂತ ಕೇಳೂದಿಲ್ಲೇನ ಬೇ?”

ಅವಳು ಆಂಟೆನಾ ಎಳೆದು ನೋಡಿದಳು, ಗಟ್ಟಿ. ಬ್ಯಾಟರಿ ಅಳೆದಳು, ತುಂಬಿತ್ತು. ಕೆಪಾಸಿಟರ್ ಇದ್ದಲ್ಲೇ ಇತ್ತು. ಮೇಲ್ಗಡೆ ಹೋಗೋಣ ಎಂದಳು, ಇಬ್ಬರೂ ಹೋದೆವು. ಕಡ್ಡಿಗಳು ಮೊಣಕಾಲುದ್ದ ನೀರಿನಲ್ಲಿ ಮುಳುಗಿದ್ದವು. ಲ್ಯಾಪ್‌ಟಾಪಿಗೆ ಕೇಬಲ್ ಹಚ್ಚಿದಾಗ ಮೈಕ್ರೋಕಂಟ್ರೋಲರ್ ಸಾಲು ಸಾಲಾಗಿ ಬಂದ್ವು, ಬಂದ್ವು, ಬಂದ್ವು ಎಂದು ಬರೆಯುತ್ತಿತ್ತು. ಅದಕ್ಕೆ ನೀರು ಬಂದದ್ದು ಬಂದ ಗಳಿಗೆಯಲ್ಲೇ ಗೊತ್ತಾಗಿತ್ತು. ಅದು ಕಳಿಸುತ್ತಲೂ ಇತ್ತು. ಕೆಳಗಿನ ಡಬ್ಬಿ ಒಂದನ್ನೂ ಬಿಡದೆ ತೆಗೆದುಕೊಳ್ಳುತ್ತಲೂ ಇತ್ತು. ಎರಡೂ ಡಬ್ಬಿ ಸರಿ ಇದ್ದರೆ ನಡುವೆ ಸುದ್ದಿಯನ್ನು ತಿರುವಿದವರು ಯಾರು? ಬರೀ ಗಾಳಿಯಲ್ಲಿ?

ಅವಳು ಪ್ರೋಗ್ರಾಮಿನ ಸಾಲುಗಳನ್ನು ಓದುತ್ತ ಓದುತ್ತ ಒಂದು ಕಡೆ ನಿಂತಳು. ಆಮೇಲೆ ಬೆರಳು ಮಡಚಿ ಎಣಿಸತೊಡಗಿದಳು. ಬಿ, ಎ, ಎನ್, ಡಿ. ನಾಲ್ಕು ಬೆರಳು ಮುಗಿದವು. ವಿ, ಯು ಎನ್ನಲು ಬಾಯಿ ತೆರೆದವಳು ಹಾಗೆಯೇ ದಂಡೆಯ ಮೇಲೆ ಕುಸಿದು ಕೂತಳು.

“ವೈನಿ, ಅಳತಿ ನಾಕ ಉಳದೈತ್ರಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ‘ಅಣ್ಣ’ ಎಂಬ ಮಾತಿಗಾಗಿ ಎರಡೂ ಚಿಪ್ಪಿಗೆ ಕೊಟ್ಟ ನಾಲ್ಕಕ್ಷರದ ಅಳತೆಯನ್ನು ಯಾರೂ ಬದಲಿಸಿರಲಿಲ್ಲ. ಮೇಲಿನ ಚಿಪ್ಪು ‘ಬಂದ್ವು’ ಎಂಬುದನ್ನು ತೆಗೆದುಕೊಂಡು, ನಾಲ್ಕು ಅಕ್ಷರ ಇಟ್ಟುಕೊಂಡು, ಬಾಲ ಕತ್ತರಿಸಿ, ಉಳಿದದ್ದನ್ನು ಕಳಿಸುತ್ತಿತ್ತು. ಉಳಿದದ್ದು ಬಂದ್. ನೀರು ಬಂದರೂ ಬಂದ್, ನಿಂತರೂ ಬಂದ್. ಮೈಸೂರಿನ ಕಡೆಯವರು ಮಾಡಿದ್ದರೆ ‘ಬಂತು’ ಎಂದು ಬರೆಯುತ್ತಿದ್ದರು, ಬಾಲ ಹೋದರೂ ಬಂದ್ ಆಗುತ್ತಿರಲಿಲ್ಲ. ನೀರಿಗೆ ಬಹುವಚನ ಕೊಡುವ ನಮಗೆ ಮಾತ್ರ ಬರಬಹುದಾದ ಸಾವು ಅದು.

“ಮತ್ತ ಅವತ್ತ ನೋಡಿದ್ವಲ್ಲ?” ಎಂದೆ. “ನೀ ಫೋನ್ ಮಾಡಿದಾಗ?”

“ಅವತ್ತ ನಾ ಕಡ್ಡಿ ಬಕೀಟಿನ ನೀರಾಗ ಅದ್ದಿದ್ನಿರಿ. ನೀವ ಬಂದ್ವು ಅಂದ್ರಿ.”

“ನಾ ಬಂದ್ ಅಂದೆ! ಬಕೀಟಿನಾಗ ಅದ್ದೀನಿ ಅಂತ ನೀ ಎಲ್ಲಿ ಹೇಳಿದಿ?”

ಅವಳು ಅರ್ಧ ಹೇಳಿದ್ದಳು, ನಾನು ಅರ್ಧ ಕೇಳಿದ್ದೆ, ಗಾಳಿ ಉಳಿದದ್ದನ್ನು ತುಂಬಿಕೊಟ್ಟಿತ್ತು. ಚಿಪ್ಪು ಮಾಡಿದ್ದನ್ನೇ ನಮ್ಮ ಬಾಯಿ ಕಿವಿಗಳು ಅದಕ್ಕಿಂತ ಮೊದಲೇ ಮಾಡಿದ್ದವು. ಎಷ್ಟು ದಿನ ನಾನು ಆ ಮಿಟುಕುವ ಚುಕ್ಕೆಯನ್ನು ನಂಬಿ ಕೂತಿದ್ದೆನೋ ಅಷ್ಟು ದಿನವೂ ಅಪಾಯ ಬಾಯಿ ತೆರೆದೇ ಇತ್ತೆಂದು ಆಗ ಹೊಳೆಯಿತು. ಅವಳ ಮೇಲೆ ಏರಿದ ಸಿಟ್ಟು ಎಲ್ಲಿ ಇಳಿಯಿತೋ ತಿಳಿಯಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡೆ. ನಮ್ಮ ಕಾಲ ಬುಡದಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು.

ಆಮೇಲೆ ಅವಳು ಮಾತುಗಳನ್ನೇ ಕಿತ್ತು ಹಾಕಿದಳು. ಈಗ ಡಬ್ಬಿಯಲ್ಲಿ ಶಬ್ದವಿಲ್ಲ. ನೀರು ಬಂದರೆ ಕೆಂಪು ದೀಪ, ಜೊತೆಗೆ ಊರಿಗೆ ಕೇಳುವಂಥ ಗಂಟೆ. ಮೇಲಿನಿಂದ ಸುದ್ದಿ ಬರುವುದು ನಿಂತರೂ ಅದೇ ಕೆಂಪು ದೀಪ, ಅದೇ ಗಂಟೆ. ಕಡ್ಡಿಗಳನ್ನು ನೀರಿನಲ್ಲಿ ಅದ್ದಿ ತೆಗೆದು, ಅದ್ದಿ ತೆಗೆದು, ನಾವು ಮೂವರೂ ಒಂದೇ ಕಡೆ ನಿಂತು ಕಣ್ಣಾರೆ ನೋಡಿದೆವು. ಒಮ್ಮೆಯೂ ತಪ್ಪಲಿಲ್ಲ. ತಾಂತ್ರಿಕವಾಗಿ ಇನ್ನು ಹೆದರುವ ಕಾರಣ ಇಲ್ಲ ಎಂದು ಅವಳು ಪೂರ್ತಿ ವಾಕ್ಯದಲ್ಲಿ ಹೇಳಿದಳು.

ಮುಂದಿನ ಸಲ ಪೈಪಿನ ಹೂಳು ತೆಗೆಯುವ ದಿನ ಬಂತು. ಇವರು ಹೊಸ ಸಲಿಕೆ ತಂದಿದ್ದರು. ಡಬ್ಬಿ ಇದ್ದರೂ ಮೇಲ್ಗಡೆ ನಾನೇ ಹೋಗಿ ನಿಲ್ಲುತ್ತೇನೆ ಎಂದು ಹಟ ಹಿಡಿದೆ. ಹೋದೆ, ನಿಂತೆ. ಕಾಲುವೆಯ ತಳ ಒಡೆದು ಬಿರುಕು ಬಿಟ್ಟಿತ್ತು. ಹಸಿ ಎಂಬುದು ಹೆಸರಿಗೂ ಇಲ್ಲ, ಬೆಳ್ಳಕ್ಕಿಯೂ ಇಲ್ಲ. ಇವರ ಫೋನ್ ಬಂತು. ಅಂದು ನೆಟ್‌ವರ್ಕ್ ಚೆನ್ನಾಗಿತ್ತು, ಇವರ ಉಸಿರೂ ಕೇಳುತ್ತಿತ್ತು.

“ಇಲ್ಲಿ ದೀಪ ಆರೈತಿ. ಅಲ್ಲಿ ಹೆಂಗೈತಿ? ಇಳೀಲೇನ?”

ಒಣ ಕಾಲುವೆಯನ್ನು ನೋಡುತ್ತ ನಿಂತೆ. ಹೇಳಬೇಕಾದದ್ದು ‘ಬಂದ್’ ಎಂಬ ಎರಡೇ ಅಕ್ಷರ. ಹಿಂದೊಮ್ಮೆ ‘ಹೋಗ್ರಿ’ ಎಂದಿದ್ದ ನಾಲಿಗೆ ಅದರವರೆಗೆ ಹೋಗಿ ಹಿಂದೆ ಬಂತು.

“ಬಂದ್ವು ರೀ,” ಎಂದೆ. “ನೀರ ಬಂದ್ವು. ಇಳೀಬ್ಯಾಡ್ರಿ.”

ಇವರ ಕಣ್ಣೆದುರಿಗೇ ಡಬ್ಬಿ ಇತ್ತು, ದೀಪ ಆರಿತ್ತು, ಗಂಟೆ ಬಡಿದಿರಲಿಲ್ಲ.

“ಆತ ಬಿಡು,” ಎಂದರು. “ಹೊರಗ ಕುಂದ್ರತೀನಿ.”

ನಾನು ಹೊಲಕ್ಕೆ ಮರಳಿದಾಗ ಇವರು ಪೈಪಿನ ಬಾಯಿಗೆ ಬೆನ್ನು ಕೊಟ್ಟು ಕೂತಿದ್ದರು, ಸಲಿಕೆ ತೊಡೆಯ ಮೇಲೆ. ನೀರು ಎಲ್ಲಿ ಎಂದು ಕೇಳಲಿಲ್ಲ. ಪಕ್ಕದಲ್ಲಿ ಜಾಗ ಮಾಡಿ ಕೊಟ್ಟರು, ನಾನೂ ಕೂತೆ.